ಕೆಮ್ಮಲಾರದ ಜೀವ

ನೋವು ಎಂದರೆ ಕೂಗು ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಮಗು ಅತ್ತರೆ ತಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಾಳೆ. ಕೊಟ್ಟಿಗೆಯಲ್ಲಿ ಹಸು ರಾತ್ರಿಯೆಲ್ಲ ನರಳಿದರೆ ಮನೆಯ ಯಜಮಾನ ಟಾರ್ಚು ಹಿಡಿದು ಎದ್ದುಹೋಗುತ್ತಾನೆ. ನಾಯಿ ಕುಂಯ್‌ಗುಟ್ಟಿದರೆ ಬೀದಿಯವರಾದರೂ ಒಮ್ಮೆ ತಿರುಗಿ ನೋಡುತ್ತಾರೆ. ನಮ್ಮ ದಯೆ ಬಹುಮಟ್ಟಿಗೆ ಕಿವಿಯ ಮೂಲಕವೇ ಒಳಗೆ ಬರುತ್ತದೆ. ನನ್ನ ಮೂವತ್ತು ವರ್ಷದ ಶಿಕ್ಷಕ ವೃತ್ತಿಯಲ್ಲೂ ನಾನು ಕಂಡದ್ದು ಇದನ್ನೇ. ತಲೆನೋವು ಎಂದು ಅಳುವ ಹುಡುಗನಿಗೆ ಮಾತ್ರೆ ಸಿಗುತ್ತದೆ, ಮನೆಗೆ ಹೋಗಲು ರಜೆ ಸಿಗುತ್ತದೆ. ಜ್ವರವಿದ್ದೂ ಬೆಂಚಿಗೆ ತಲೆಯಾನಿಸಿ ಸುಮ್ಮನೆ ಕುಳಿತ ಹುಡುಗಿಗೆ ‘ನಿದ್ದೆ ಮಾಡ್ತೀಯಾ?’ ಎಂಬ ಗದರಿಕೆ ಸಿಗುತ್ತದೆ.

ಹಾಗಾದರೆ ಕೂಗಲು ದನಿಯೇ ಇಲ್ಲದ ಜೀವದ ಪಾಡೇನು? ಅಳಲಾರದ, ನರಳಲಾರದ, ಮುಖದಲ್ಲಿ ಒಂದು ಗೆರೆಯನ್ನೂ ಬದಲಿಸಲಾರದ ಪ್ರಾಣಿಯೊಂದಕ್ಕೆ ಕಾಯಿಲೆಯಾದರೆ ಅದಕ್ಕೆ ನಾವು ಏನನ್ನಾದರೂ ಸಲ್ಲಿಸಬೇಕಾದ ಋಣವಿದೆಯೆ? ಇದ್ದರೆ ಆ ಋಣ ಎಲ್ಲಿಂದ ಹುಟ್ಟಿತು? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಯಾವ ಗ್ರಂಥದಿಂದಲೂ ಅಲ್ಲ, ಒಂದು ಹಾವಿನಿಂದ.

ನನ್ನ ತಂಗಿಯ ಸಂಸಾರ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದೆ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. 2024ರ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ನಮ್ಮಲ್ಲಿ ಮಾವಿನಕಾಯಿ ಬಲಿಯುವ ಏಪ್ರಿಲ್ ತಿಂಗಳು. ಅಲ್ಲಿ ಮಾತ್ರ ಮರಗಳು ಇನ್ನೂ ಬೋಳು, ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ. ತಂಗಿಯ ಮಗನಿಗೆ ಹದಿನೈದು ವರ್ಷ. ಅವನ ಕೋಣೆಯಲ್ಲಿ ಮೇಜಿನಷ್ಟು ಉದ್ದದ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಮೂರೂವರೆ ಅಡಿ ಉದ್ದದ ಒಂದು ಹೆಬ್ಬಾವು. ಕಡುಕಂದು ಮೈಮೇಲೆ ಹೊಂಬಣ್ಣದ ಮಚ್ಚೆಗಳು. ಹುಡುಗ ಅದಕ್ಕೆ ‘ಬೆಲ್ಲ’ ಎಂದು ಹೆಸರಿಟ್ಟಿದ್ದ, ಊರಿಂದ ಅಜ್ಜಿ ಕಳಿಸುವ ಬೆಲ್ಲದ ಬಣ್ಣ ಎಂಬ ಕಾರಣಕ್ಕೆ.

ಹೆಬ್ಬಾವು ಎಂದೊಡನೆ ಹಂದಿಯನ್ನು ನುಂಗುವ ನಮ್ಮ ಕಾಡಿನ ಹೆಬ್ಬಾವನ್ನು ನೆನೆಯಬೇಡಿ. ಇದು ಬಾಲ್ ಪೈಥಾನ್ ಎಂಬ ಜಾತಿ. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ವಿಷವಿಲ್ಲ, ಕಚ್ಚುವ ಸ್ವಭಾವವೂ ಕಡಿಮೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲುಗಳು ಇದರ ತವರು. ಹಗಲೆಲ್ಲ ಇಲಿಗಳ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಮಲಗಿದ್ದು ರಾತ್ರಿ ಹೊರಬರುತ್ತದೆ. ಹುತ್ತ ಎಂದರೆ ಹಾವಿನ ಮನೆ ಎಂದು ನಮ್ಮ ಹಿರಿಯರು ಹೇಳಿದ್ದು ದೂರದ ಆ ನೆಲದ ಹಾವಿಗೂ ಸಲ್ಲುತ್ತದೆ. ಅಮೆರಿಕ ಮತ್ತು ಯೂರೋಪಿನಲ್ಲಿ ಇದು ಬಹು ಜನಪ್ರಿಯ ಸಾಕುಹಾವು. ಘಾನಾ, ಟೋಗೊ, ಬೆನಿನ್ ದೇಶಗಳಿಂದ ದಶಕಗಳ ಕಾಲ ರಫ್ತಾಗಿದೆ. ಈಗ ಅಲ್ಲಿನ ಮನೆಗಳಲ್ಲೇ ಮರಿಮಾಡಿಸಿ ಮಾರುವವರು ಬಹಳ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿನ ಕಾಡುಹಾವುಗಳನ್ನು ಹಿಡಿದು ಸಾಕುವಂತಿಲ್ಲ. ಬಾಲ್ ಪೈಥಾನಿನಂತಹ ಹೊರದೇಶದ ಹಾವುಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿಯ ನಂತರ ಸರ್ಕಾರದಲ್ಲಿ ನೋಂದಾಯಿಸಬೇಕು. ಆದರೂ ಹುಚ್ಚು ಇಲ್ಲಿಗೂ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನುಗಳು ಸಿಕ್ಕವು. ಜೊತೆಗೆ 17 ಕಾಳಿಂಗ ಸರ್ಪಗಳು, ಸತ್ತುಹೋಗಿದ್ದ ಆರು ಕೋತಿಗಳು. ಹಾಗಾಗಿ ಇದು ಬರೀ ಪರದೇಶದ ಕತೆ ಎಂದು ನಾವು ಕೈತೊಳೆದುಕೊಳ್ಳುವ ಹಾಗಿಲ್ಲ.

ನಾನು ಹೋದ ಎರಡನೆಯ ವಾರದಲ್ಲಿ ಬೆಲ್ಲನಿಗೆ ಕಾಯಿಲೆಯಾಯಿತು. ಕಾಯಿಲೆಯಾಯಿತು ಎಂದು ನಾನು ಈಗ ಸುಲಭವಾಗಿ ಬರೆಯುತ್ತಿದ್ದೇನೆ, ಆದರೆ ಅದನ್ನು ಕಂಡುಹಿಡಿದದ್ದು ಹುಡುಗನ ಕಣ್ಣು. ಅವನ ಬಳಿ ಒಂದು ನೋಟ್‌ಬುಕ್ ಇತ್ತು. ಹಾವು ಯಾವ ದಿನ ತಿಂದಿತು, ಯಾವಾಗ ಪೊರೆ ಬಿಟ್ಟಿತು, ತೂಕ ಎಷ್ಟು, ಎಲ್ಲವನ್ನೂ ಬರೆದಿಡುತ್ತಿದ್ದ. ಎರಡು ವಾರದಿಂದ ಅದು ಆಹಾರ ಮುಟ್ಟಿರಲಿಲ್ಲ. ಅದೇನೂ ದೊಡ್ಡ ವಿಷಯವಲ್ಲ, ಈ ಜಾತಿ ತಿಂಗಳುಗಟ್ಟಲೆ ಉಪವಾಸ ಮಾಡುವುದೂ ಉಂಟು. ಆದರೆ ಆ ರಾತ್ರಿ ಅವನು ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಓದುತ್ತಿದ್ದಾಗ ಗಡಿಯಾರದಂತೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿಸಿತು. ಹಾವು ತಲೆಯನ್ನು ಮೇಲಕ್ಕೆತ್ತಿ ಕತ್ತನ್ನು ಚಾಚಿ ನಿಂತಿತ್ತು. ಮೂಗಿನ ಹೊಳ್ಳೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಉಸಿರು ಬಿಟ್ಟಾಗ ಗುಳ್ಳೆ ಉಬ್ಬುತ್ತಿತ್ತು, ಒಡೆಯುತ್ತಿತ್ತು.

“ದೊಡ್ಡಮ್ಮ, ಬೆಲ್ಲ ಬಾಯಿ ಸ್ವಲ್ಪ ತೆಗೆದು ಉಸಿರಾಡ್ತಿದೆ ನೋಡಿ” ಎಂದ ಅವನು. ನಾನು ನೋಡಿದೆ. ನನಗೆ ಕಂಡದ್ದು ಒಂದು ಹಾವು, ಅಷ್ಟೆ. ತೋರಿಸಿಕೊಟ್ಟ ಮೇಲೆ ಮಾತ್ರ ಬಾಯಿಯ ಅಂಚಿನಲ್ಲಿ ದಾರದಷ್ಟು ತೆಳ್ಳಗಿನ ಲೋಳೆ ಕಂಡಿತು.

ಮರುದಿನ ಸರೀಸೃಪಗಳನ್ನು ನೋಡುವ ಪಶುವೈದ್ಯೆಯ ಬಳಿಗೆ ಹೋದೆವು. ದಿಂಬಿನ ಚೀಲದೊಳಗೆ ಹಾವು, ಚೀಲದ ಸುತ್ತ ಬಿಸಿನೀರಿನ ಬಾಟಲಿ. ಆಕೆ ಮಾಡಿದ ವಿವರಣೆಯನ್ನು ಹುಡುಗ ನನಗೆ ಕನ್ನಡದಲ್ಲಿ ಹೇಳಿದ, ಉಳಿದದ್ದನ್ನು ನಾನು ಆಮೇಲೆ ಓದಿಕೊಂಡೆ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ ಎಂದು ನಾವು ಏಳನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತೇವೆ. ಹಾವಿಗೆ ಆ ವಪೆ ಇಲ್ಲ. ಪಕ್ಕೆಲುಬುಗಳ ಸ್ನಾಯುಗಳನ್ನು ಹಿಗ್ಗಿಸಿ ಕುಗ್ಗಿಸಿ ಅದು ಉಸಿರಾಡುತ್ತದೆ. ನಾಗರಹಾವಿನಂಥವಕ್ಕೆ ಬಲಗಡೆಯ ಶ್ವಾಸಕೋಶವೊಂದೇ ನಿಜವಾಗಿ ಕೆಲಸ ಮಾಡುವುದು. ಹೆಬ್ಬಾವುಗಳಿಗೆ ಎರಡೂ ಇವೆಯಾದರೂ ಎಡಗಡೆಯದು ಚಿಕ್ಕದು. ವಪೆ ಇಲ್ಲದ ಪ್ರಾಣಿ ನಮ್ಮ ಹಾಗೆ ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕಲಾರದು. ಒಳಗೆ ಕಟ್ಟಿದ ಲೋಳೆ ಆ ಉದ್ದನೆಯ ಚೀಲದಂಥ ಶ್ವಾಸಕೋಶದಲ್ಲಿ ನಿಂತುಬಿಡುತ್ತದೆ. ನಮಗೆ ನೆಗಡಿ ಬಂದು ಹೋಗುವಷ್ಟು ಹಗುರವಾಗಿ ಹಾವಿಗೆ ಹೋಗುವುದಿಲ್ಲ. ನೋಡುವವರಿಲ್ಲದಿದ್ದರೆ ನ್ಯುಮೋನಿಯಾ ಆಗಿ ಸಾಯುತ್ತದೆ, ಅದೂ ಸದ್ದಿಲ್ಲದೆ.

ಕೆಮ್ಮು ಎಂಬುದು ನಮಗೆ ಎಷ್ಟು ದೊಡ್ಡ ವರ ಎಂದು ನಾನು ಮೊದಲ ಬಾರಿಗೆ ಯೋಚಿಸಿದ್ದು ಅಂದೇ. ಕೆಮ್ಮು ಔಷಧಿಯೂ ಹೌದು, ಅಹವಾಲೂ ಹೌದು. ಕಫವನ್ನು ಹೊರಗೆ ತಳ್ಳುತ್ತದೆ, ಜೊತೆಗೆ ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸುತ್ತದೆ. ಹಾವಿಗೆ ಇವೆರಡೂ ಇಲ್ಲ.

ಕಾಯಿಲೆಗೆ ಕಾರಣವನ್ನು ಹುಡುಕುತ್ತ ವೈದ್ಯೆ ಕೇಳಿದ ಮೊದಲ ಪ್ರಶ್ನೆ ಹಾವಿನ ಬಗ್ಗೆ ಅಲ್ಲ, ಪೆಟ್ಟಿಗೆಯ ಬಗ್ಗೆ. ಶಾಖ ಎಷ್ಟು? ತೇವ ಎಷ್ಟು? ಈ ಜಾತಿಗೆ ಪೆಟ್ಟಿಗೆಯ ಒಂದು ತುದಿ 32 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಇನ್ನೊಂದು ತುದಿ 26ರ ಆಸುಪಾಸಿನಲ್ಲಿ ಇರಬೇಕು. ಹುಡುಗ ದಿನವೂ ಯಂತ್ರದ ಮೇಲಿನ ಅಂಕೆ ನೋಡುತ್ತಿದ್ದ, ಅದು 32 ಎಂದೇ ತೋರಿಸುತ್ತಿತ್ತು. ಮನೆಗೆ ಬಂದು ಬೇರೆ ಥರ್ಮಾಮೀಟರು ಇಟ್ಟು ನೋಡಿದರೆ ಬಿಸಿ ಇರಬೇಕಾದ ಜಾಗದಲ್ಲಿ 26 ಕೂಡ ಇರಲಿಲ್ಲ. ಕೆಳಗಿನ ಬಿಸಿಹಾಸು ಕೆಟ್ಟುಹೋಗಿತ್ತು. ಯಂತ್ರ ತೋರಿಸುತ್ತಿದ್ದದ್ದು ಇರಬೇಕಾದ ಶಾಖವನ್ನು, ಇದ್ದ ಶಾಖವನ್ನಲ್ಲ. ಇದನ್ನು ಕೇಳಿ ನನಗೆ ನಮ್ಮ ಶಾಲೆಗಳ ಪಾಠಯೋಜನೆಯ ಪುಸ್ತಕ ನೆನಪಾಯಿತು. ಅದರಲ್ಲಿ ಮಕ್ಕಳು ಕಲಿಯಬೇಕಾದದ್ದೆಲ್ಲ ಅಂದವಾಗಿ ಬರೆದಿರುತ್ತದೆ. ಕಲಿತದ್ದು ಎಷ್ಟು ಎಂದು ತಿಳಿಯಬೇಕಾದರೆ ಬೇರೆಯದೇ ಥರ್ಮಾಮೀಟರು ಬೇಕು.

ಹಾವು ಶೀತರಕ್ತ ಪ್ರಾಣಿ ಎಂದು ನಾವು ಓದಿದ್ದೇವೆ. ಅದರ ನಿಜವಾದ ಅರ್ಥ ಏನೆಂದರೆ, ಅದರ ಒಲೆ ಅದರ ಮೈಯೊಳಗಿಲ್ಲ, ಹೊರಗಿದೆ. ನಮಗೆ ಸೋಂಕು ತಗುಲಿದರೆ ದೇಹವೇ ಬಿಸಿಯೇರಿಸಿಕೊಂಡು ಹೋರಾಡುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ಸರೀಸೃಪಕ್ಕೆ ಜ್ವರ ಬರುವುದು ಹೇಗೆ? 1974 ಮತ್ತು 1975ರಲ್ಲಿ ಅದೇ ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಕ್ಲೂಗರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಮರುಭೂಮಿಯ ಇಗ್ವಾನಾ ಹಲ್ಲಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಹೇಳಿತು. ಬ್ಯಾಕ್ಟೀರಿಯಾ ಹೊಕ್ಕ ಹಲ್ಲಿ ತಾನಾಗಿಯೇ ಹೆಚ್ಚು ಬಿಸಿಯಾದ ಜಾಗಕ್ಕೆ ಹೋಗಿ ಕುಳಿತು ಮೈಯ ಶಾಖವನ್ನು ಸುಮಾರು ಎರಡು ಡಿಗ್ರಿ ಏರಿಸಿಕೊಂಡಿತು. ಬಿಸಿ ಜಾಗ ಸಿಗದಂತೆ ತಂಪಿನಲ್ಲೇ ಇರಿಸಿದ ಹಲ್ಲಿಗಳಲ್ಲಿ ಸತ್ತವು ಹೆಚ್ಚು. ಆ ಹಲ್ಲಿಗಳ ಸಾವಿನಿಂದಲೇ ನಮಗೆ ಈ ತಿಳಿವಳಿಕೆ ಬಂತು ಎಂಬುದನ್ನೂ ಮರೆಯಬಾರದು. ಎಲ್ಲ ಸರೀಸೃಪಗಳೂ ಒಂದೇ ಬಗೆಯಲ್ಲಿ ಹೀಗೆ ಮಾಡುತ್ತವೆಂದಲ್ಲ. ಆದರೆ ಶಾಖ ಕಡಿಮೆಯಾದರೆ ಅವುಗಳ ರೋಗನಿರೋಧಕ ಶಕ್ತಿ ಕುಂದುತ್ತದೆ, ಕೊಟ್ಟ ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದು ಇಂದು ವೈದ್ಯರೆಲ್ಲ ಒಪ್ಪುವ ಮಾತು.

ನನ್ನ ಪ್ರಶ್ನೆಗೆ ಉತ್ತರದ ಮೊದಲ ಎಳೆ ನನಗೆ ಸಿಕ್ಕಿದ್ದು ಇಲ್ಲಿ. ಹುತ್ತದಲ್ಲಿರುವ ಹಾವಿಗೆ ಶೀತವಾದರೆ ಅದು ಬಿಸಿಲು ಬೀಳುವ ಕಲ್ಲನ್ನು ಹುಡುಕಿಕೊಂಡು ಹೋದೀತು. ಹೆಚ್ಚು ಬಿಸಿಯಾದರೆ ನೆರಳಿಗೆ ಸರಿದೀತು. ಬದುಕುತ್ತದೋ ಸಾಯುತ್ತದೋ, ಅದು ಅದರ ಪಾಡು, ಪ್ರಕೃತಿಯ ಪಾಡು. ಆದರೆ ಗಾಜಿನ ಪೆಟ್ಟಿಗೆಯ ಹಾವು ಎಲ್ಲಿಗೆ ಹೋಗಬೇಕು? ಹೋಗಲು ಬಿಸಿಲಿಲ್ಲ. ನಾವು ಇಟ್ಟ ಬಿಸಿಯೇ ಅದರ ಬಿಸಿಲು, ನಾವು ಚಿಮುಕಿಸಿದ ನೀರೇ ಅದರ ಮಳೆ. ಅದರ ಮೇಲೆ ಮುಚ್ಚಳ ಹಾಕಿದ ದಿನವೇ ಅದರ ಔಷಧಿಯನ್ನು ನಾವು ಕಿತ್ತುಕೊಂಡೆವು. ಕಿತ್ತುಕೊಂಡದ್ದನ್ನು ಹಿಂದಿರುಗಿಸುವುದಕ್ಕೆ ದಯೆ ಎಂಬ ಹೆಸರು ಸಲ್ಲುವುದಿಲ್ಲ. ಅದು ಸಾಲ ತೀರಿಸುವುದು, ಅಷ್ಟೆ.

ಇಷ್ಟು ಸ್ಪಷ್ಟವಾಗಿ ಆಗ ಯಾರಿಗೂ ತೋರಲಿಲ್ಲ. ಮನೆಯಲ್ಲಿ ಒಂದು ಸಣ್ಣ ಮಹಾಭಾರತವೇ ನಡೆಯಿತು. ಹಾವನ್ನು ಕೊಂಡದ್ದು ಅರವತ್ತು ಡಾಲರಿಗೆ. ವೈದ್ಯೆಯ ಶುಲ್ಕ, ಕ್ಷಕಿರಣ, ಶ್ವಾಸನಾಳದ ಲೋಳೆಯ ಪರೀಕ್ಷೆ, ಔಷಧಿ ಎಲ್ಲ ಸೇರಿ ನಾನೂರು ಡಾಲರು ದಾಟಿತು. ತಂಗಿಯ ಗಂಡ ಕಟುಕರೇನಲ್ಲ, ಲೆಕ್ಕದ ಮನುಷ್ಯ. “ಅಕ್ಕ, ನೀವೇ ಹೇಳಿ, ಇದರಲ್ಲಿ ಊರಿನ ಒಬ್ಬ ಹುಡುಗನಿಗೆ ವರ್ಷದ ಫೀಸು ಕಟ್ಟಬಹುದಲ್ಲ?” ಎಂದರು. ತಂಗಿಯ ಚಿಂತೆ ಬೇರೆ. “ಮನೇಲಿ ಸತ್ತರೆ ಸರ್ಪಸಂಸ್ಕಾರ ಮಾಡಿಸ್ಬೇಕಾಗುತ್ತೋ ಏನೋ ಅಕ್ಕಾ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಊರಿನಿಂದ ಫೋನು ಮಾಡಿದ ಅವಳ ಅತ್ತೆ ಕುಕ್ಕೆಯಲ್ಲಿ ಒಂದು ಆಶ್ಲೇಷಾ ಬಲಿ ಮಾಡಿಸಿಬಿಡಿ ಎಂದರು. ಸತ್ತ ಹಾವಿಗೆ ನಮ್ಮಲ್ಲಿ ವಿಧಿಯಿದೆ, ಮಂತ್ರವಿದೆ, ದಕ್ಷಿಣೆಯೂ ಗೊತ್ತಾಗಿದೆ. ಉಸಿರು ಕಟ್ಟಿದ ಹಾವಿಗೆ ಏನು ಮಾಡಬೇಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಾನು ಹುಡುಗನನ್ನು ಕೇಳಿದೆ: “ಅದಕ್ಕೆ ನಿನ್ನ ಗುರುತು ಉಂಟೇನೋ? ನೀನೆಂದರೆ ಪ್ರೀತಿಯೇ?” ಹಾವು ಸಾಕುವವರು ಹೌದೆನ್ನುತ್ತಾರೆ ಎಂದು ನಾನು ನಿರೀಕ್ಷಿಸಿದ್ದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲ ದೊಡ್ಡಮ್ಮ. ನನ್ನ ಕೈ ವಾಸನೆ ಗೊತ್ತಿರಬಹುದು. ಹೆದರೋದು ಕಡಿಮೆಯಾಗಿದೆ, ಅಷ್ಟೆ. ಆದ್ರೆ ಅದಕ್ಕೆ ಬೇರೆ ಯಾರೂ ಇಲ್ಲವಲ್ಲ” ಎಂದ.

‘ಹಾವಿಗೆ ಹಾಲೆರೆದಂತೆ’ ಎಂಬ ಮಾತನ್ನು ನಾನು ಗಾದೆಗಳ ಪಾಠದಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಕೃತಘ್ನರಿಗೆ ಉಪಕಾರ ಮಾಡಬಾರದು ಎಂದು ಅದರ ಅರ್ಥ. ಆ ಮಾತಿನೊಳಗೆ ಒಂದು ವ್ಯಾಪಾರ ಅಡಗಿದೆ. ನಾನು ಎರೆದರೆ ನೀನು ನೆನೆಯಬೇಕು, ಬಾಲವನ್ನಾದರೂ ಅಲ್ಲಾಡಿಸಬೇಕು. ನಾಯಿ ಈ ವ್ಯಾಪಾರದಲ್ಲಿ ಗೆಲ್ಲುತ್ತದೆ, ಹಸು ಹಾಲು ಕೊಟ್ಟು ಗೆಲ್ಲುತ್ತದೆ, ಹಾವು ಸೋಲುತ್ತದೆ. ಆದರೆ ಕೃತಜ್ಞತೆಯ ನಿರೀಕ್ಷೆ ಇರುವಲ್ಲಿ ನಮ್ಮ ಉಪಕಾರ ಎಷ್ಟು ನಮ್ಮದು, ಎಷ್ಟು ಪ್ರತಿಫಲದ್ದು ಎಂದು ಬಿಡಿಸಿ ನೋಡುವುದು ಕಷ್ಟ. ಹಾವಿನ ಎದುರಿಗೆ ಅದು ಸುಲಭ. ಅಲ್ಲಿ ಬರುವ ಪ್ರತಿಫಲ ಏನೂ ಇಲ್ಲ. ಮಾಡಿದರೆ ಮಾಡಬೇಕಾದದ್ದು ಎಂಬ ಒಂದೇ ಕಾರಣಕ್ಕೆ ಮಾಡಬೇಕು.

ಆ ಗಾದೆ ಪ್ರಾಣಿಶಾಸ್ತ್ರದಲ್ಲೂ ತಪ್ಪು. ಹಾವಿಗೆ ಹಾಲು ಆಹಾರವಲ್ಲ. ಹಾವಿನ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ, ಬಾಯಿಯ ಮುಂಭಾಗದಲ್ಲಿ ತೆರೆದುಕೊಳ್ಳುತ್ತದೆ. ದೊಡ್ಡ ಬೇಟೆಯನ್ನು ನಿಧಾನವಾಗಿ ನುಂಗುವಾಗಲೂ ಉಸಿರಾಡಲು ಪ್ರಕೃತಿ ಮಾಡಿಕೊಟ್ಟ ಅನುಕೂಲ ಅದು. ನಾಗರಪಂಚಮಿಗೆ ಹಾವಾಡಿಗರು ದಿನಗಟ್ಟಲೆ ನೀರು ಕೊಡದೆ ಒಣಗಿಸಿದ ಹಾವಿನ ಬಾಯಿಗೆ ಹಾಲು ಹೊಯ್ದಾಗ ಅದೇ ಅನುಕೂಲ ಶಾಪವಾಗುತ್ತದೆ. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮಿ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಕೆಲವು ದಿನಗಳಲ್ಲಿ ನ್ಯುಮೋನಿಯಾ. ಭಕ್ತರು ಅಷ್ಟರಲ್ಲಿ ಕುಂಕುಮ ಹಚ್ಚಿ ಕೈಮುಗಿದು ಮನೆ ಸೇರಿರುತ್ತಾರೆ. ಭಕ್ತಿಯನ್ನು ನಾನು ಹೀಗಳೆಯುತ್ತಿಲ್ಲ. ನಮ್ಮ ಮಲೆನಾಡಿನಲ್ಲೂ ಕರಾವಳಿಯಲ್ಲೂ ನಾಗಬನಗಳ ಒಂದು ಕೊಂಬೆಯನ್ನೂ ಕಡಿಯದೆ ಉಳಿಸಿದ್ದು ಭಕ್ತಿಯೇ. ಬೆಲ್ಲನ ತವರಿನಲ್ಲೂ, ಬೆನಿನ್ ದೇಶದ ಉಯ್ದಾ ಎಂಬ ಊರಿನಲ್ಲಿ, ಹೆಬ್ಬಾವುಗಳಿಗೆ ಒಂದು ಗುಡಿಯಿದೆ. ಅದೇ ದೇಶದಿಂದ ಅದೇ ಜಾತಿಯ ಹಾವುಗಳು ಚೀಲ ತುಂಬಿ ಹೊರದೇಶಕ್ಕೂ ಹೋಗಿವೆ. ಮನುಷ್ಯ ಹಾವನ್ನು ಪೂಜಿಸಿದ್ದಾನೆ, ಕೊಂದಿದ್ದಾನೆ, ಮಾರಿದ್ದಾನೆ, ಈಗ ಸಾಕುತ್ತಿದ್ದಾನೆ. ಕುಳಿತು ಅದನ್ನು ನೋಡಿದ್ದು ಮಾತ್ರ ಕಡಿಮೆ. ಆ ಹುಡುಗನ ನೋಟ್‌ಬುಕ್ಕಿನಲ್ಲಿ ಪ್ರೀತಿಯ ಒಂದು ಮಾತೂ ಇರಲಿಲ್ಲ, ತಾರೀಖು ಮತ್ತು ತೂಕ ಇತ್ತು. ಹಾವಿಗೆ ಬೇಕಾಗಿದ್ದದ್ದು ಅದೇ.

ಚಿಕಿತ್ಸೆ ಮೂರು ವಾರ ನಡೆಯಿತು. ಸೆಫ್ಟಾಜಿಡಿಮ್ ಎಂಬ ಔಷಧಿ, ಮೂರು ದಿನಕ್ಕೊಂದು ಇಂಜೆಕ್ಷನ್ನು, ಮನೆಯಲ್ಲೇ ಕೊಡಬೇಕು. ಹಾವಿನ ಮೈಯ ಮುಂಭಾಗದಲ್ಲೇ ಚುಚ್ಚಬೇಕಂತೆ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಕಡೆಗೆ ಹೋಗುವುದರಿಂದ ಅಲ್ಲಿ ಕೊಟ್ಟರೆ ಔಷಧಿ ವ್ಯರ್ಥವಾಗಬಹುದು, ಮೂತ್ರಪಿಂಡಕ್ಕೂ ಕೆಡುಕು. ಹೊಸ ಬಿಸಿಹಾಸು ಬಂತು. ಶಾಖವನ್ನು ಹಗಲೂ ರಾತ್ರಿಯೂ ಸ್ವಲ್ಪ ಮೇಲಕ್ಕೇ ಇಡಬೇಕು, ಆದರೆ ತಂಪಿನ ತುದಿಯನ್ನು ತೆಗೆಯಬಾರದು, ಎಲ್ಲಿರಬೇಕೆಂದು ಹಾವೇ ಆರಿಸಿಕೊಳ್ಳಲಿ ಎಂದು ವೈದ್ಯೆ ಒತ್ತಿ ಹೇಳಿದ್ದರು. ಈ ಮಾತು ನನಗೆ ಬಹಳ ಹಿಡಿಸಿತು. ರೋಗಿಗೆ ಮದ್ದು ಕೊಡುವವರು ಬಹಳ. ರೋಗಿಗೆ ಆಯ್ಕೆಯನ್ನು ಬಿಟ್ಟುಕೊಡುವವರು ಕಡಿಮೆ.

ಈ ಜಾತಿಯಲ್ಲಿ ಬ್ಯಾಕ್ಟೀರಿಯಾ ಅಲ್ಲದೆ ಒಂದು ವೈರಸ್ಸಿನಿಂದಲೂ ಇಂಥದೇ ಕಾಯಿಲೆ ಬರುತ್ತದೆ. 2014ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು, ಅದಕ್ಕೆ ಮದ್ದಿಲ್ಲ. ಪರೀಕ್ಷೆಯ ಫಲಿತಾಂಶ ಬರುವ ತನಕ ಒಂದು ವಾರ ಹುಡುಗ ಸರಿಯಾಗಿ ಊಟ ಮಾಡಲಿಲ್ಲ. ವೈರಸ್ ಇಲ್ಲ ಎಂದು ಫೋನು ಬಂದ ದಿನ ಯಾರಿಗೂ ಹೇಳದೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತ. ನಾಲ್ಕನೆಯ ಇಂಜೆಕ್ಷನ್ನಿನ ದಿನ ತಂದೆ ಬೇರೆ ಊರಿಗೆ ಹೋಗಿದ್ದರು. ಹಾವಿನ ಹಿಂಭಾಗವನ್ನು ಹಿಡಿಯುವವರು ಬೇಕು. ಮೂರು ವರ್ಷದಿಂದ ಆ ಕೋಣೆಯ ಹೊಸಿಲು ದಾಟದ ನನ್ನ ತಂಗಿ ಸೆರಗು ಸಿಕ್ಕಿಸಿ ಬಂದು ನಿಂತಳು. ಹಿಡಿದ ಮೇಲೆ, “ತಣ್ಣಗಿರುತ್ತೆ ಅಂದ್ಕೊಂಡಿದ್ದೆ, ಬೆಚ್ಚಗಿದೆಯಲ್ಲೇ ಅಕ್ಕಾ!” ಎಂದಳು. ಅದು ಹೊಸ ಬಿಸಿಹಾಸಿನ ಶಾಖ. ನನ್ನ ಪಾಲಿಗೆ ಬಂದ ಕೆಲಸ ತಾರೀಖು ಬರೆಯುವುದು. ಹಾಜರಿ ಪುಸ್ತಕ ಬರೆದು ಪಳಗಿದ ಕೈಯಲ್ಲವೇ.

ಇನ್ನು ಲೆಕ್ಕದ ಪ್ರಶ್ನೆ. ಬಡವರ ಮಕ್ಕಳಿಗೆ ಔಷಧಿಯಿಲ್ಲದ ಲೋಕದಲ್ಲಿ ಹಾವಿಗೆ ನಾನೂರು ಡಾಲರು ಸರಿಯೇ? ಇದನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ, ಮಧ್ಯಾಹ್ನದ ಊಟಕ್ಕಾಗಿಯೇ ಶಾಲೆಗೆ ಬರುವ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಆದರೆ ಆ ಪ್ರಶ್ನೆಯನ್ನು ಕೇಳಬೇಕಾದ ಜಾಗ ಪಶುವೈದ್ಯರ ಮೇಜಿನ ಮುಂದೆ ಅಲ್ಲ, ಮೂರು ವರ್ಷದ ಹಿಂದಿನ ಆ ಅಂಗಡಿಯ ಮುಂದೆ. ಗಾಜಿನ ಪೆಟ್ಟಿಗೆಗೂ ದೀಪಕ್ಕೂ ಹಾವಿಗೂ ಹಣ ಕೊಡುವಾಗ ಬಡಮಕ್ಕಳು ನೆನಪಾಗದೆ ಔಷಧಿಗೆ ಕೊಡುವಾಗ ಮಾತ್ರ ನೆನಪಾದರೆ, ಅದು ಬಡಮಕ್ಕಳ ಮೇಲಿನ ಕಾಳಜಿಯೆಂದು ನಾನು ಒಪ್ಪಲಾರೆ. ಮಕ್ಕಳ ಋಣ ನಮ್ಮೆಲ್ಲರದು, ಅದನ್ನು ತೀರಿಸಲೇಬೇಕು. ಮುಚ್ಚಳದ ಋಣ ಮುಚ್ಚಿದವನದು. ಒಂದು ಸಾಲವನ್ನು ತೋರಿಸಿ ಇನ್ನೊಂದು ಸಾಲವನ್ನು ಮನ್ನಾ ಮಾಡಿಸಿಕೊಳ್ಳುವ ಹಾಗಿಲ್ಲ.

‘ಬಿಟ್ಟುಬಿಟ್ಟರಾಯಿತು’ ಎಂಬುದು ಇನ್ನೊಂದು ಸುಲಭದ ಮಾತು. ಮಿಷಿಗನ್ನಿನ ಚಳಿಯಲ್ಲಿ ಬಿಟ್ಟರೆ ಆಫ್ರಿಕಾದ ಹಾವು ಕೆಲವೇ ದಿನಗಳಲ್ಲಿ ಸಾಯುತ್ತದೆ. ಬೆಚ್ಚಗಿನ ನೆಲದಲ್ಲಿ ಬಿಟ್ಟರೆ ಬೇರೆಯೇ ಅನಾಹುತ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುಕಾಡಿನಲ್ಲಿ ಸಾಕುವವರ ಕೈಯಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಸಂತಾನ ಬೆಳೆಸಿ ಅಲ್ಲಿನ ಮೊಲ, ರಕೂನುಗಳನ್ನು ಬಹುಮಟ್ಟಿಗೆ ಖಾಲಿಮಾಡಿವೆ. ಒಮ್ಮೆ ಮುಚ್ಚಿದ ಮುಚ್ಚಳವನ್ನು ತೆರೆದು ಕೈಬಿಡುವುದು ಬಿಡುಗಡೆಯಲ್ಲ. ಮೂವತ್ತು ವರ್ಷದ ಜೀವಕ್ಕೆ ಹನ್ನೆರಡು ವರ್ಷದ ಹುಡುಗ ಹೂಂ ಎಂದಿದ್ದ. ಹಾಗೆ ಹೂಂ ಎನ್ನಿಸುವ ಅಂಗಡಿಗಳಿಗೂ ಅಪ್ಪ ಅಮ್ಮಂದಿರಿಗೂ ಅದರಲ್ಲಿ ಪಾಲಿಲ್ಲವೇ?

ಒಂದು ಮುಳ್ಳು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ತಂಗಿಯ ಮನೆಯ ಗ್ಯಾರೇಜಿನ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಇಲಿಗಳ ಪೊಟ್ಟಣವಿತ್ತು. ಒಂದು ಹಾವಿನ ಉಸಿರಿಗಾಗಿ ನಾವು ಎಷ್ಟು ರಾತ್ರಿ ಎದ್ದು ಕುಳಿತೆವು. ಅದರ ಹೊಟ್ಟೆಗಾಗಿ ಹೋಗುವ ಇಲಿಗಳ ಉಸಿರಿನ ಲೆಕ್ಕ ಯಾರಿಟ್ಟರು? ಹಾವು ಇಲಿಯನ್ನು ತಿನ್ನುವುದು ಅದರ ಧರ್ಮ. ಅದಕ್ಕಾಗಿ ಇಲಿಯನ್ನು ಪೆಟ್ಟಿಗೆಯಲ್ಲಿ ಬೆಳೆಸಿ ಕೊಲ್ಲುವುದು ನಮ್ಮ ಏರ್ಪಾಡು. ಇಲಿಯ ಮೇಲೂ ಒಂದು ಮುಚ್ಚಳವಿತ್ತು. ಇದನ್ನು ಹುಡುಗನಿಗೆ ಹೇಳಿದೆ. ಅವನು ವಾದ ಮಾಡಲಿಲ್ಲ. “ಇದರ ನಂತರ ಇನ್ನೊಂದು ಹಾವು ತರಲ್ಲ ದೊಡ್ಡಮ್ಮ. ಇದನ್ನ ಮಾತ್ರ ಕೊನೇ ತನಕ ನೋಡ್ಕೋತೀನಿ” ಎಂದ. ಅದಕ್ಕಿಂತ ಒಳ್ಳೆಯ ಉತ್ತರ ನನಗೂ ಹೊಳೆಯಲಿಲ್ಲ.

ಏಳನೆಯ ಇಂಜೆಕ್ಷನ್ನಿನ ಹೊತ್ತಿಗೆ ಟಿಕ್ ಟಿಕ್ ಸದ್ದು ನಿಂತಿತ್ತು. ನಾನು ಹೊರಡುವ ಎರಡು ದಿನ ಮುಂಚೆ ಬೆಲ್ಲ ಬಾಯಿ ಮುಚ್ಚಿಕೊಂಡು ಉಸಿರಾಡುತ್ತ, ಬಿಸಿಯ ತುದಿಯಿಂದ ತಂಪಿನ ತುದಿಗೆ ತಾನಾಗಿಯೇ ಸರಿದು ಮಲಗಿತು. ತಿನ್ನತೊಡಗಿದ್ದು ನಾನು ಊರಿಗೆ ಬಂದ ಮೇಲೆ. ನಮಗೆ ಯಾರಿಗೂ ಅದು ಕೃತಜ್ಞತೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮುಚ್ಚಳಗಳು ಹಾವಿನ ಪೆಟ್ಟಿಗೆಗೆ ಮಾತ್ರ ಇರುವುದಲ್ಲ ಎಂದು ಈಗ ತೋರುತ್ತದೆ. ಪಂಜರದ ಗಿಳಿ, ಕುಂಡದ ಗಿಡ ಹಾಗಿರಲಿ. ಹಳ್ಳಿಯ ಜಗುಲಿಯಿಂದ ಎಬ್ಬಿಸಿ ತಂದು ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ಕೂರಿಸಿದ ಮುದುಕಿಯ ಬಿಸಿಲು ಯಾರ ಕೈಯಲ್ಲಿದೆ? ತಗಡಿನ ಮಾಡಿನ ಕೆಳಗೆ ಅರವತ್ತು ಮಕ್ಕಳನ್ನು ಕೂರಿಸಿ ಬಾಗಿಲು ಹಾಕಿದ ಮೇಲೆ ಅವರ ಗಾಳಿಯೂ ಮಳೆಯೂ ಗಂಟೆ ಬಾರಿಸುವ ತನಕ ಯಾರದು? ಅವರಲ್ಲಿ ಕೆಮ್ಮುವವರು ಕೆಮ್ಮುತ್ತಾರೆ, ಅವರ ಗೊಡವೆ ನಮಗೆ ಹೇಗೂ ತಿಳಿಯುತ್ತದೆ. ಕೆಮ್ಮದವರ ಬಳಿಗೆ ನಾವೇ ಹೋಗಬೇಕು.

ಆ ವರ್ಷ ಆಗಸ್ಟಿನಲ್ಲಿ ನಾಗರಪಂಚಮಿಯ ಮುನ್ನಾದಿನ ಆರನೆಯ ತರಗತಿಯಲ್ಲಿ ಈ ಕತೆಯನ್ನು ಹೇಳಿದೆ. ಹಾವಿಗೂ ನೆಗಡಿಯಾಗುತ್ತದೆ ಎಂದಾಗ ಎಲ್ಲರೂ ನಕ್ಕರು, ಮುಂದೆ ಕೇಳುತ್ತ ಸುಮ್ಮನಾದರು. ಕೊನೆಗೆ ಕಿಟಕಿಯ ಪಕ್ಕದ ಒಬ್ಬ ಹುಡುಗಿ ಎದ್ದು ಕೇಳಿದಳು: “ಟೀಚರ್, ಹಾಗಾದ್ರೆ ನಮ್ಮ ಬೇಲಿ ಹುತ್ತದಲ್ಲಿರೋ ಹಾವಿಗೆ ನಾವೇನು ಮಾಡ್ಬೇಕು?”

“ಏನೂ ಮಾಡಬೇಡ” ಎಂದೆ. “ಅದರ ಬಿಸಿಲಿಗೆ ಅಡ್ಡ ನಿಲ್ಲಬೇಡ, ಸಾಕು.”